ಹಾದಿಯ ಕುದುರೆ, ಹಾದಿಯ ಮಳೆ

ಯಡೂರಿನ ಕಡೆಯ ತಾಯಿಯೊಬ್ಬರು ಬರೆದ ಪತ್ರವು ಹದಿನೈದು ದಿನಗಳಿಂದ ನಮ್ಮ ಮೇಜಿನ ಮೇಲಿದೆ. ಅವರ ಮಗನು ಮೂವರು ಗೆಳೆಯರೊಡನೆ ಕೂಡಿಕೊಂಡು, ಯಡೂರಿನ ಶ್ರೀ ವೀರಭದ್ರೇಶ್ವರನಿಗೆ ಕಾಯಿ ಒಡೆಯಿಸಿ, ಅಲ್ಲಿಂದ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಕುದುರೆಯ ಮೇಲೆ ಹೋಗಬೇಕೆಂದು ಸಂಕಲ್ಪಿಸಿರುವನಂತೆ. ಯುಗಾದಿಗೆ ಅಲ್ಲಿ ಮುಟ್ಟುವುದು, ಬಸವ ಜಯಂತಿಯ ಹೊತ್ತಿಗೆ ಮರಳಿ ಮನೆಗೆ ಬರುವುದು. ಮೇವು, ಅಡುಗೆ ಸಾಮಾನು, ಹಾಸಿಗೆ ಎಲ್ಲವೂ ಬಾಡಿಗೆಯ ಟೆಂಪೊದಲ್ಲಿ ಹಿಂದೆ ಬರುವುದು. "ಟೆಂಪೊ ಇದ್ದ ಮೇಲೆ ಭಯವೇಕೆ ಎನ್ನುತ್ತಾನೆ. ನನಗೆ ಟೆಂಪೊದ ಮೇಲೆಯೇ ನಂಬಿಗೆ ಇಲ್ಲ. ಬೇಡವೆಂದು ಹೇಳಲೋ, ಹೋಗಿ ಬಾ ಎನ್ನಲೋ, ನೀವೇ ತಿಳಿಸಿರಿ" ಎಂದು ಆ ತಾಯಿ ಕೇಳಿದ್ದಾರೆ.

ನಮಗೆ ಪತ್ರವನ್ನು ಓದಿ ನಗೆಯೂ ಬಂದಿತು, ಎದೆಯೂ ಒಮ್ಮೆ ಭಾರವಾಯಿತು. ಭಾರವಾದುದು ಏಕೆಂಬುದನ್ನು ಮುಂದೆ ಹೇಳುವೆವು.

ಶ್ರೀಶೈಲದ ಹಾದಿ ನಮ್ಮ ಗಡಿನಾಡಿನ ಮನೆಗಳಿಗೆ ಹೊಸತಲ್ಲ. ಹೆಗಲ ಮೇಲೆ ಕಂಬಿ ಹೊತ್ತು, ಬರಿಗಾಲಿನಲ್ಲಿ, ಕೆಲವರು ಮರಗಾಲು ಕಟ್ಟಿಕೊಂಡು, ಯುಗಾದಿಯ ಮುಂಚೆ ಹೊರಡುವ ಭಕ್ತರನ್ನು ನಾವೆಲ್ಲರೂ ಕಂಡವರೇ. 2022ರಲ್ಲಿ ಶ್ರೀಶೈಲದ ಜಗದ್ಗುರು ಡಾ. ಚನ್ನಸಿದ್ಧರಾಮ ಪಂಡಿತಾರಾಧ್ಯ ಶಿವಾಚಾರ್ಯರು ಇದೇ ಯಡೂರಿನಿಂದ ಶ್ರೀಶೈಲದವರೆಗೆ ಪಾದಯಾತ್ರೆಯಿಂದಲೇ ಸಾಗಿದುದನ್ನು ಆ ಭಾಗದ ಓದುಗರು ಮರೆತಿರಲಾರರು. ಐನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಕಾಲಿನಿಂದ ಆಗುವುದು ಕುದುರೆಯಿಂದ ಆಗದೇ ಎಂದು ಹುಡುಗನು ಕೇಳಿದರೆ ತಪ್ಪೆನ್ನಲಾಗದು. ಆದರೆ ಕಾಲುನಡಿಗೆಯವನು ದಣಿದರೆ ತಾನೇ ಹೇಳುತ್ತಾನೆ, ಕುದುರೆ ಹೇಳುವುದಿಲ್ಲ. ವ್ಯತ್ಯಾಸವಿರುವುದು ಅಲ್ಲಿ. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆಯನ್ನು ಬಲ್ಲವರು ಕುದುರೆಯ ಕಾಲಿನ ನೋವನ್ನು ಬಲ್ಲರೆಂಬ ನೆಚ್ಚಿಕೆಯಿಲ್ಲ.

ಈ ವಿಷಯದಲ್ಲಿ ಪಾಠ ಕಲಿಯಲು ದೂರ ಹೋಗಬೇಕಾದುದಿಲ್ಲ. ಯಡೂರಿಗೆ ನೆರೆಯ ಅಂಕಲಿಯಿಂದಲೇ ಪ್ರತಿವರ್ಷ ಎರಡು ಕುದುರೆಗಳು ಆಳಂದಿಗೆ ಹೊರಡುತ್ತವೆ. ಸಂತ ಜ್ಞಾನೇಶ್ವರರ ಪಲ್ಲಕ್ಕಿಯು ಆಳಂದಿಯಿಂದ ಪಂಢರಪುರಕ್ಕೆ ಹೋಗುವಾಗ ಅದರ ಮುಂದೆ ನಡೆಯುವ ಕುದುರೆಗಳು ಇವೇ. ಗ್ವಾಲಿಯರದ ಸಿಂದಿಯಾ ದರಬಾರಿನಲ್ಲಿದ್ದ ಹೈಬತಬಾಬಾ ಅರಫಳಕರ ಎಂಬವರು ಪಲ್ಲಕ್ಕಿಯ ಈಗಿನ ಪದ್ಧತಿಯನ್ನು ಹಾಕಿದಾಗ ಅಂಕಲಿಯ ಶಿತೋಳೆ ಸರಕಾರರ ಮನೆತನವು ಕುದುರೆ, ಡೇರೆಗಳ ಸೇವೆಯನ್ನು ವಹಿಸಿಕೊಂಡಿತು. 1832ರಿಂದ ನಡೆದು ಬಂದುದೆಂದು ಹೇಳುವರು. ಎರಡರಲ್ಲಿ ಒಂದರ ಮೇಲೆ ಜರಿಪಟಕೆ ಹಿಡಿದ ಸವಾರನು ಕುಳಿತಿರುತ್ತಾನೆ. ಇನ್ನೊಂದರ ಮೇಲೆ ಯಾರೂ ಕೂಡುವುದಿಲ್ಲ. ಅದು ಸಂತರ ಕುದುರೆ. ಸಂಪ್ರದಾಯ ನಮ್ಮದಲ್ಲ, ಆದರೆ ಊರು ನಮ್ಮದು, ಹೊಳೆ ನಮ್ಮದು, ಅವು ಹೊರಡುವ ದಿನ ಹಾದಿಯಲ್ಲಿ ಕೈಮುಗಿದು ನಿಲ್ಲುವ ಜನರಲ್ಲಿ ಲಿಂಗವಂತರ ಮನೆಯ ಹೆಣ್ಣುಮಕ್ಕಳೂ ಇರುತ್ತಾರೆ.

ಈ ಕುದುರೆಗಳು ಹೊರಡುವುದು ಜ್ಯೇಷ್ಠ ಮಾಸದಲ್ಲಿ, ಹೆಚ್ಚಾಗಿ ಮೃಗಶಿರಾ ಮಳೆಯ ಆಸುಪಾಸಿನಲ್ಲಿ. ಅಂದರೆ ಒಳ್ಳೆಯ ಹವೆಯನ್ನು ಆರಿಸಿಕೊಳ್ಳುವ ಅವಕಾಶವೇ ಅವಕ್ಕೆ ಇಲ್ಲ. ಕೃಷ್ಣೆಯನ್ನು ದಾಟಿ ಮಿರಜ, ಸಾಂಗಲಿ. ಅಲ್ಲಿಂದ ಹೆದ್ದಾರಿಯನ್ನು ಹಿಡಿದು ಸಾತಾರಾ, ಖಂಬಾಟಕಿ ಘಾಟು, ಪುಣೆ, ಆಳಂದಿ. ಮುನ್ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿಗೆ ಅವು ತೆಗೆದುಕೊಳ್ಳುವುದು ಸುಮಾರು ಹನ್ನೊಂದು ದಿನ. ಓದುಗರು ಲೆಕ್ಕ ಹಾಕಿ ನೋಡಬೇಕು: ದಿನಕ್ಕೆ ಮೂವತ್ತು ಕಿಲೋಮೀಟರಿನ ಒಳಗೇ ಬರುವುದು. ಸುಮಾರು ಇನ್ನೂರು ವರ್ಷಗಳಿಂದ ಕುದುರೆಯನ್ನು ನಡೆಯಿಸಿ ಬಲ್ಲ ಮನೆತನವು ಮೂವತ್ತಕ್ಕೆ ನಿಲ್ಲಿಸುವುದಾದರೆ, ಪತ್ರದಲ್ಲಿ ಹುಡುಗನು ದಿನಕ್ಕೆ ಅರವತ್ತು ಎಂದು ಬರೆದಿಟ್ಟ ಲೆಕ್ಕವು ಎಲ್ಲಿಂದ ಬಂದಿತು? ಕುದುರೆಯು ಒಂದು ದಿನ ಅರವತ್ತು ನಡೆದೀತು. ಎರಡನೆಯ ದಿನವೂ ನಡೆದೀತು. ಮೂರನೆಯ ದಿನ ಅದರ ಬೆನ್ನಿನ ಮೇಲೆ ಜೀನಿನ ಹುಣ್ಣು ಕಾಣಿಸಿಕೊಳ್ಳುವುದು. ಶ್ರೀಶೈಲದ ದಾರಿಗೆ ಹೋಗುವಾಗಲೇ ಇಪ್ಪತ್ತು ಇಪ್ಪತ್ತೆರಡು ದಿನ ಬೇಕೆಂದು ಹಿಡಿಯಲಿ. ನಡುವೆ ಮೂರು ದಿನ ಪೂರ್ತಿ ವಿಶ್ರಾಂತಿ ಇರಲಿ.

ಹೆದ್ದಾರಿ ದೊಡ್ಡದಾಗಿ, ಲಾರಿಗಳು ಸಾಲುಗಟ್ಟಿ ಓಡುವ ಈ ಕಾಲದಲ್ಲಿ ಅಂಕಲಿಯ ಕುದುರೆಗಳನ್ನು ವಾಹನದಲ್ಲಿ ಏರಿಸಿಕೊಂಡು ಹೋಗಬಾರದೇ ಎಂದು ಕೇಳುವವರು ಉಂಟು. ಸೇವೆ ಎಂದರೆ ನಡೆಯುವುದು ಎಂಬುದು ಅವರ ನಿಷ್ಠೆ. ಅದರಲ್ಲಿ ನಾವು ಬಾಯಿ ಹಾಕುವುದಿಲ್ಲ. ಆದರೆ ಎಷ್ಟು ಎಚ್ಚರವಿದ್ದರೂ ಜೀವ ಜೀವವೇ. 2018ರಲ್ಲಿ ಪಲ್ಲಕ್ಕಿಯು ಪುಣೆಯಲ್ಲಿದ್ದಾಗ ಹೀರಾ ಎಂಬ ಕುದುರೆಯು ತೀರಿಕೊಂಡಿತು. 2020ರಲ್ಲಿ ಕೊರೊನಾದ ಕಾಲಕ್ಕೆ ಪಾದುಕೆಗಳೇ ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. 2021ರಲ್ಲಿಯೂ ಹಾಗೆಯೇ ಆಯಿತು.

ಇನ್ನು ನಮ್ಮ ಮನೆಯ ಮಾತು.

1996ರ ಮೇ ತಿಂಗಳ ಕೊನೆಯಲ್ಲಿ ನಾವು ಐವರು, ಎರಡು ಕುದುರೆಗಳೊಡನೆ ಕೂಡಲಸಂಗಮಕ್ಕೆ ಹೊರಟಿದ್ದೆವು. ಒಂದು ನಮ್ಮ ಮನೆಯಲ್ಲಿಯೇ ಹುಟ್ಟಿದ ಕಪಿಲ ಬಣ್ಣದ ಹೆಣ್ಣು ಕುದುರೆ, ಇನ್ನೊಂದು ಬೀಗರ ಮನೆಯದು. ರಾಯಬಾಗ, ಮಹಾಲಿಂಗಪುರ, ಮುಧೋಳಗಳ ಮೇಲೆ ಹೋಗಿ ಲೋಕಾಪುರವನ್ನು ದಾಟಿದೆವು. ಬಾಡಿಗೆಯ ಟೆಂಪೊದಲ್ಲಿ ಮೇವು, ಹುರುಳಿ, ತಾಡಪತ್ರಿ, ಕಂಬಳಿ, ಔಷಧಿಯ ಪೆಟ್ಟಿಗೆ. ನಮ್ಮ ಕೈಯಲ್ಲಿ ಚಾಬೂಕು ಒಂದೇ. ಟೆಂಪೊ ಹಿಂದೆ ಇದೆಯಲ್ಲ ಎಂಬ ಧೈರ್ಯ. ಯಡೂರಿನ ಹುಡುಗನಿಗೆ ಇರುವ ಧೈರ್ಯವೇ.

ರೋಹಿಣಿ ಮಳೆಯು ಹೇಗೆ ಬರುವುದೆಂದು ಉತ್ತರ ಕರ್ನಾಟಕದವರಿಗೆ ವರ್ಣಿಸಬೇಕಾಗಿಲ್ಲ. ನಾಲ್ಕು ಗಂಟೆಯವರೆಗೆ ಬಿಸಿಲು, ಗಾಳಿಯ ಸುಳಿವಿಲ್ಲ. ಆಮೇಲೆ ಮೂಡಣದಲ್ಲಿ ಕಪ್ಪು ಕಟ್ಟಿತು. ಧೂಳಿನ ಗೋಡೆಯೊಂದು ನಮ್ಮೆದುರಿಗೆ ನಡೆದು ಬಂದಂತೆ ಬಂದಿತು. ಅದರ ಬೆನ್ನಿಗೆ ಆಲಿಕಲ್ಲು. ಹಿಂದೆ ಎಂಟು ಕಿಲೋಮೀಟರಿನ ಮೇಲೆ ಟೆಂಪೊದ ಚಾಲಕನು ಮಳೆಯಿಂದ ತಪ್ಪಿಸಿಕೊಳ್ಳಲೆಂದು ಡಾಂಬರು ರಸ್ತೆಯನ್ನು ಬಿಟ್ಟು ಹೊಲದ ಬದಿಯ ಗುಡಿಸಲಿನ ಕಡೆಗೆ ಗಾಡಿಯನ್ನು ಇಳಿಸಿದ್ದನು. ಎರೆಯ ಭೂಮಿ! ಗಾಲಿ ಹೂತಿತು, ಹೊರಗೆ ತೆಗೆಯುವ ಆತುರದಲ್ಲಿ ಒತ್ತಿ ಒತ್ತಿ ಕ್ಲಚ್ ಪ್ಲೇಟನ್ನು ಸುಟ್ಟುಕೊಂಡನು. ನಮಗೆ ಇದು ಗೊತ್ತಾದುದು ಮರುದಿನ ಮುಂಜಾನೆ. ಆಗ ಮೊಬೈಲು ಎಲ್ಲಿಯದು? ಎಸ್‌ಟಿಡಿ ಬೂತು ಇದ್ದ ಊರಿಗೆ ಆರು ಕಿಲೋಮೀಟರು.

ಗುಡುಗು ಹತ್ತಿರವಾದಂತೆ ನಾವು ಹೊಲದ ನಡುವಿನ ದೊಡ್ಡ ಹುಣಸೆಯ ಮರದ ಕಡೆಗೆ ಕುದುರೆಗಳನ್ನು ಓಡಿಸಿದೆವು. ಕುರಿ ಮೇಯಿಸುತ್ತಿದ್ದ ಹಾಲುಮತದ ಹಿರಿಯರೊಬ್ಬರು ಕಂಬಳಿಯ ಕೊಪ್ಪೆಯೊಳಗಿನಿಂದಲೇ ಕೂಗಿ, ಬೈದು, ನಮ್ಮನ್ನು ತಡೆದರು. ತಗ್ಗಿನ ಹೊಲದ ಒಡ್ಡಿನ ಮಗ್ಗುಲಿಗೆ ಕರೆದೊಯ್ದು, ಕುದುರೆಗಳನ್ನು ಒಂದರಿಂದ ಒಂದನ್ನು ದೂರ ನಿಲ್ಲಿಸಿ, ನಮ್ಮನ್ನೂ ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಕೂಡಿಸಿದರು. ಹುಣಸೆಯ ಮರಕ್ಕೆ ಆ ದಿನ ಏನೂ ಆಗಲಿಲ್ಲ; ಕಥೆಗಳಲ್ಲಿ ಆಗುವಂತೆ ಸಿಡಿಲು ಅದರ ಮೇಲೆ ಬೀಳಲಿಲ್ಲ. ಆದರೆ ಆ ಹಿರಿಯರು ಮಾಡಿದುದು ಶಾಸ್ತ್ರಕ್ಕೆ ಸರಿಯಾದುದೆಂದು ಎಷ್ಟೋ ವರ್ಷಗಳ ಮೇಲೆ ನಮಗೆ ತಿಳಿಯಿತು. ಮರಕ್ಕೆ ಬಡಿದ ಸಿಡಿಲು ಬೇರಿನ ಸುತ್ತ ನೆಲದಲ್ಲಿ ಹರಡುವುದು. ಆ ನೆಲದ ಮೇಲೆ ಎರಡು ಹೆಜ್ಜೆಗಳ ನಡುವಿನ ಅಂತರ ಹೆಚ್ಚಾದಷ್ಟೂ ದೇಹದೊಳಗೆ ಹಾಯುವ ವಿದ್ಯುತ್ತು ಹೆಚ್ಚು. ಮನುಷ್ಯನು ಕಾಲು ಕೂಡಿಸಿ ಕುಕ್ಕರುಗಾಲಿನಲ್ಲಿ ಕೂಡಬಲ್ಲನು. ಕುದುರೆಯ ಮುಂಗಾಲಿಗೂ ಹಿಂಗಾಲಿಗೂ ನಾಲ್ಕು ಅಡಿಗಳಷ್ಟು ಅಂತರವಿರುವುದು, ನಡುವೆ ಎದೆಯಿರುವುದು. ಮರದ ಕೆಳಗೆ ನಿಂತ ದನಗಳು ಒಂದೇ ಸಿಡಿಲಿಗೆ ಸಾಲಾಗಿ ಬೀಳುವುದು ಇದರಿಂದಲೇ. ದೂರ ದೂರ ನಿಲ್ಲಿಸಿದರೆ ಒಂದು ಹೋದರೂ ಒಂದು ಉಳಿಯುವುದು.

ಮಳೆ ನಿಂತಿತು, ಕತ್ತಲಾಯಿತು, ಟೆಂಪೊ ಬರಲಿಲ್ಲ. ಸಮೀಪದ ತೋಟದ ಮನೆಯವರು ನಮ್ಮನ್ನು ಒಳಗೆ ಕರೆದರು. ರೊಟ್ಟಿ ಮಾಡಿ ಹಾಕಿದರು. ಕುದುರೆಗಳು ತೊಯ್ದು ನಡುಗುತ್ತಿದ್ದವು. ಒರೆಸಲು ಒಣಗಿದ ತಟ್ಟು ಸಾಲದಾಯಿತು. ರಾತ್ರಿಯೆಲ್ಲ ಹಸಿದು ನಿಂತವು. ಬೆಳಗಿನ ಜಾವ ಆ ಮನೆಯ ತಾಯಿ, ಮೂಕ ಪ್ರಾಣಿಗಳು ಹಸಿದಿವೆಯಲ್ಲ ಎಂದು ಮರುಗಿ, ಬುಟ್ಟಿ ತುಂಬ ಜೋಳವನ್ನು ತಂದುಕೊಟ್ಟರು. ಅವರದು ಪುಣ್ಯದ ಕೈ. ಅದನ್ನು ಅಷ್ಟೂ ಕುದುರೆಯ ಮುಂದೆ ಇಟ್ಟವರು ನಾವು. ಬೀಗರ ಕುದುರೆ ಮೂಸಿ ಅರ್ಧ ಬಿಟ್ಟಿತು. ನಮ್ಮದು ಎಲ್ಲವನ್ನೂ ತಿಂದಿತು; ಮನೆಯ ಕುದುರೆಯಾದುದರಿಂದ ಕೊಟ್ಟುದನ್ನು ಬಿಟ್ಟು ಗೊತ್ತಿರಲಿಲ್ಲ.

ಮಧ್ಯಾಹ್ನಕ್ಕೆ ಅದು ಹೊಟ್ಟೆಯ ಕಡೆಗೆ ತಿರುತಿರುಗಿ ನೋಡತೊಡಗಿತು. ಕಾಲಿನಿಂದ ನೆಲ ಕೆರೆಯಿತು. ಬಿದ್ದು ಹೊರಳಿತು, ಎದ್ದಿತು, ಮತ್ತೆ ಬಿದ್ದಿತು. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಒಳಗೆ ಹೋದುದು ಕೆಳಗೆ ಸಾಗಬೇಕು. ಸಾಗದೆ ಉಬ್ಬಿದರೆ ಮೇಲೆ ಬರುವ ದಾರಿಯಿಲ್ಲ. ಪಶುವೈದ್ಯರು ರಾತ್ರಿ ಎಂಟಕ್ಕೆ ಮೋಟಾರುಸೈಕಲ್ಲಿನ ಮೇಲೆ ಬಂದರು, ಕೈಲಾದುದನ್ನೆಲ್ಲ ಮಾಡಿದರು, ಬೆಳಗಿನವರೆಗೆ ಅಲ್ಲಿಯೇ ಕುಳಿತಿದ್ದರು. ಮೂರನೆಯ ದಿನ ಸೂರ್ಯ ಮೇಲೆ ಬರುವ ಹೊತ್ತಿಗೆ ಅದು ಹೋಯಿತು. ಸಿಡಿಲಿನಿಂದ ಅಲ್ಲ, ಆಲಿಕಲ್ಲಿನಿಂದ ಅಲ್ಲ. ಒಂದು ಬುಟ್ಟಿ ಜೋಳದಿಂದ. ತೋಟದ ಮನೆಯವರೇ ಗುಂಡಿ ತೋಡಿಸಿದರು. ನಾವು ಸಂಗಮಕ್ಕೆ ಬಸ್ಸಿನಲ್ಲಿ ಹೋಗಿ ಐಕ್ಯಮಂಟಪದ ಮುಂದೆ ಕುಳಿತು ಮಾತಿಲ್ಲದೆ ಮರಳಿ ಬಂದೆವು.

ಆದುದರಿಂದ ಆ ತಾಯಿಗೆ ನಾವು ಹೇಳುವ ಮೊದಲನೆಯ ಮಾತು ಟೆಂಪೊವನ್ನು ಕುರಿತದ್ದೇ. ನಿಮ್ಮ ಅಪನಂಬಿಗೆ ಸರಿಯಾದುದು. ಟೆಂಪೊ ಇರಲಿ, ಆದರೆ ಅದು ಇಂದು ಬರುವುದಿಲ್ಲ ಎಂದುಕೊಂಡೇ ಪ್ರತಿ ಮುಂಜಾನೆ ಕುದುರೆಯನ್ನು ಹತ್ತಬೇಕು. ಒಂದು ರಾತ್ರಿಗೆ ಬೇಕಾದುದು ಕುದುರೆಯ ಬೆನ್ನಿನ ಚೀಲದಲ್ಲಿಯೇ ಇರಬೇಕು: ಅದು ದಿನವೂ ತಿನ್ನುವ ಕಾಳು ಎರಡು ಹೊತ್ತಿಗೆ, ಉದ್ದನೆಯ ಹಗ್ಗ, ಒರೆಸಲು ಒಣ ಗೋಣಿತಟ್ಟು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು, ಗೊರಸು ಕೆರೆಯುವ ಕೊಕ್ಕೆ, ಬ್ಯಾಟರಿ. ಸಂಜೆ ಕೂಡುವ ಜಾಗವನ್ನು ಬೆಳಿಗ್ಗೆಯೇ ಊರಿನ ಹೆಸರು ಹೇಳಿ ಗೊತ್ತುಮಾಡಬೇಕು. ಎರಡು ತಾಸು ಕಾದರೂ ಬಾರದಿದ್ದರೆ ಯಾರು ಯಾರ ಕಡೆಗೆ ಹೋಗಬೇಕೆಂಬುದೂ ಗೊತ್ತಿರಬೇಕು. ಈಗ ಮೊಬೈಲು ಇದೆ ಎನ್ನುವರು. ಬಿರುಗಾಳಿಗೆ ಮೊದಲು ಹೋಗುವುದು ಕರೆಂಟು; ಅದರ ಹಿಂದೆ ಹೋಗುವುದು ಮೊಬೈಲಿನ ಗೋಪುರ.

ಚಾಲಕನಿಗೆ ಹೇಳಬೇಕಾದುದು ಕಡಮೆ, ಆದರೆ ಗಟ್ಟಿಯಾಗಿ ಹೇಳಬೇಕು. ಎರೆಯ ಸೀಮೆಯಲ್ಲಿ ಮಳೆ ಬಂದರೆ ಡಾಂಬರನ್ನು ಬಿಟ್ಟು ಇಳಿಯಬಾರದು. ಹೂತರೆ ಒತ್ತಬಾರದು, ಜಾಕಿಯ ಕೆಳಗೆ ಹಲಗೆಯಿಟ್ಟು ಗಾಲಿಯನ್ನು ಎತ್ತಿ ಕೆಳಗೆ ಕಲ್ಲು, ಜಾಲಿಯ ಕಂಟಿ ತುಂಬಬೇಕು. ನೀರಿನಲ್ಲಿ ಇಂಜಿನ್ನು ನಿಂತರೆ ಮತ್ತೆ ಕೀಲಿ ತಿರುವಬಾರದು; ನೀರು ಒಳಗೆ ಹೊಕ್ಕಿದ್ದರೆ ಆ ಒಂದು ತಿರುವಿನಲ್ಲಿ ಇಂಜಿನ್ನೇ ಹೋಗುವುದು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಗಾಡಿಯಾಗಲಿ ಕುದುರೆಯಾಗಲಿ ಇಳಿಯಲೇಬಾರದು. ಯಡೂರಿನವರಿಗೆ ಇದನ್ನು ಕಲಿಸುವುದು ಅಧಿಕಪ್ರಸಂಗವೇ ಸರಿ. ಕಲ್ಲೋಳ-ಯಡೂರು ಸೇತುವೆ ಮಳೆಗಾಲದಲ್ಲಿ ಮುಳುಗುವುದನ್ನು ನೋಡುತ್ತಲೇ ಬೆಳೆದವರು ಅವರು. 2005, 2019, 2021ರ ಮಹಾಪೂರಗಳನ್ನು ಉಂಡವರು. ಆದರೂ ಪರಊರಿನ ಹಳ್ಳವನ್ನು ಕಂಡಾಗ ನಮ್ಮ ಹೊಳೆಯನ್ನು ಕಂಡವರಿಗೆ ಅದು ಸಣ್ಣದಾಗಿ ಕಾಣುವ ಅಪಾಯವುಂಟು.

ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟು ಹೊತ್ತು ಇಲ್ಲವಾದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದು ತಿಳಿಯಬೇಕು. ಆಗ ಕುದುರೆಯಿಂದ ಇಳಿಯಬೇಕು. ಬಯಲಿನಲ್ಲಿ ಸವಾರನಿಗಿಂತ ಎತ್ತರದ ವಸ್ತು ಬೇರೆ ಇರುವುದಿಲ್ಲ. ಕಡೆಯ ಗುಡುಗು ಕೇಳಿದ ಮೇಲೆ ಅರ್ಧ ತಾಸು ಕಳೆಯುವವರೆಗೆ ಮತ್ತೆ ಹತ್ತಬಾರದು. ತಂತಿಯ ಬೇಲಿಗೆ ಕುದುರೆಯನ್ನು ಕಟ್ಟಲೇಬಾರದು. ಅದು ಗಾಳಿಗೆ ಬಾಲ ತಿರುವಿ ತಲೆ ತಗ್ಗಿಸಿ ನಿಲ್ಲುವುದು. ಹಾಗೆಯೇ ನಿಲ್ಲಲು ಬಿಡಬೇಕು. ಮುಚ್ಚಿದ ಲೋಹದ ಮೈಯಿರುವ ಕಾರು, ಬಸ್ಸುಗಳೊಳಗೆ ಕುಳಿತವರು ಸುರಕ್ಷಿತರು. ಅದು ರಬ್ಬರಿನ ಗಾಲಿಯಿಂದ ಎಂದು ಹೇಳುವುದು ತಪ್ಪು, ಲೋಹದ ಮೈಯಿಂದ. ಆದುದರಿಂದ ಟ್ರ್ಯಾಕ್ಟರಿನ ಮೇಲೆ ಕುಳಿತವರಿಗೆ ಆ ರಕ್ಷಣೆ ಇಲ್ಲ. ಪುಣೆಯ ಹವಾಮಾನ ಸಂಸ್ಥೆಯವರು ದಾಮಿನಿ ಎಂಬ ಆಪನ್ನೂ ನಮ್ಮ ರಾಜ್ಯದವರು ಸಿಡಿಲು ಎಂಬ ಆಪನ್ನೂ ಮಾಡಿದ್ದಾರೆ. ಹುಡುಗರು ಮೊಬೈಲನ್ನು ಹೇಗೂ ನೋಡುತ್ತಲೇ ಇರುತ್ತಾರೆ, ಇದನ್ನೂ ನೋಡಲಿ.

ಮಳೆ ನಿಂತ ಮೇಲಿನ ರಸ್ತೆಯೂ ನಂಬಿಕೆಗೆ ಯೋಗ್ಯವಲ್ಲ. ಬೇಸಿಗೆಯೆಲ್ಲ ಸುರಿದ ಎಣ್ಣೆಯ ಮೇಲೆ ಮೊದಲ ಮಳೆ ಬಿದ್ದರೆ ಡಾಂಬರು ಸಾಬೂನಿನಂತಾಗುವುದು. ಕಬ್ಬಿಣದ ಲಾಳದ ಕಾಲು ಅಲ್ಲಿ ಜಾರುವುದು. ಇಳಿದು, ರಸ್ತೆಯ ಅಂಚಿನ ಮಣ್ಣಿನ ಮೇಲೆ ನಡೆಯಿಸಿಕೊಂಡು ಹೋಗುವುದೇ ಲೇಸು. ತೊಯ್ದ ಕಂಬಳಿಯ ಮೇಲೆ ಜೀನು ಬಿಗಿಯಬಾರದು. ಬೆವರಿದ ಕುದುರೆಗೆ ನೀರು ಕೊಡಬಾರದೆಂಬ ಹಳೆಯ ಮಾತನ್ನು ಇಂದಿನ ಪಶುವೈದ್ಯರು ಒಪ್ಪುವುದಿಲ್ಲ; ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಹೋಗಬೇಕು. ಬಿಸಿಲಿನಲ್ಲಿ ನಡೆಯುವ ಕುದುರೆ ದಿನಕ್ಕೆ ನಲವತ್ತು ಐವತ್ತು ಲೀಟರು ಕುಡಿಯಬಲ್ಲುದು. ಮತ್ತು ಜೋಳ! ಹಾದಿಯಲ್ಲಿ ಭಕ್ತಿಯಿಂದ ಕಾಳು, ಬೆಲ್ಲ, ಪ್ರಸಾದ ತಂದು ಒಡ್ಡುವ ಕೈಗಳು ಬಹಳ. ಕೈಮುಗಿದು, ಹಿಡಿಯಷ್ಟನ್ನು ಸ್ವೀಕರಿಸಿ, ಉಳಿದುದನ್ನು ಚೀಲಕ್ಕೆ ಹಾಕಿಕೊಳ್ಳಬೇಕು. ಹಸಿದ ಕುದುರೆಗೆ ಮೊದಲು ಹುಲ್ಲು, ಆಮೇಲೆ ಕಾಳು.

ಹೊರಡುವ ಮುನ್ನ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿರಬೇಕು. ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಕುದುರೆಯಷ್ಟು ಬೇಗ ತುತ್ತಾಗುವುದು ಬೇರೆ ಇಲ್ಲ. ಗ್ಲ್ಯಾಂಡರ್ಸ್ ರೋಗವಿಲ್ಲವೆಂಬ ಪರೀಕ್ಷೆಯಾಗಿರಬೇಕು. ಅದು ಮನುಷ್ಯರಿಗೂ ಅಂಟುವ ರೋಗ. ಆಂಧ್ರದ ಗಡಿ ದಾಟುವುದರಿಂದ ಸರಕಾರಿ ಪಶುವೈದ್ಯರ ಆರೋಗ್ಯಪತ್ರ ಜೊತೆಗಿರಲಿ. ಆತ್ಮಕೂರಿನ ಆಚೆಗೆ ನಲ್ಲಮಲೆಯ ಕಾಡು ಹುಲಿಗಳ ರಕ್ಷಿತಾರಣ್ಯ. ಅಲ್ಲಿ ಕುದುರೆಯೊಡನೆ ಹೋಗಲು ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಬೇಕು. ಅವರು ಬೇಡವೆಂದರೆ ಕುದುರೆಗಳನ್ನು ಕಾಡಿನ ಈಚೆಗೆ ಕಟ್ಟಿ, ಇಬ್ಬರು ಕಾದು, ಇಬ್ಬರು ಕಂಬಿಯವರೊಡನೆ ನಡೆದು ಹೋಗಿ ಬರಲಿ. ಮಲ್ಲಯ್ಯನು ಅದಕ್ಕೆ ಬೇಸರಿಸನು.

ಹಾಗಾದರೆ ಹೋಗಲೆನ್ನುವಿರಾ ಎಂದು ತಾಯಿ ಕೇಳಬಹುದು. ಈ ಯುಗಾದಿಗೆ ಬೇಡವೆನ್ನುತ್ತೇವೆ. ಬರುವ ವರ್ಷಕ್ಕೆ ಹೂಂ ಎನ್ನುತ್ತೇವೆ. ನಡುವೆ ಜ್ಯೇಷ್ಠ ಮಾಸ ಬರುವುದು. ಅಂಕಲಿಯ ಕುದುರೆಗಳು ಹೊರಡುವ ದಿನ ಆ ನಾಲ್ವರೂ ಅಲ್ಲಿಗೆ ಹೋಗಲಿ. ಮಿರಜದವರೆಗೆ ಅವುಗಳ ಹಿಂದೆ ನಡೆಯಲಿ. ಎಲ್ಲಿ ನಿಲ್ಲಿಸುತ್ತಾರೆ, ಎಷ್ಟು ನೀರು ಕುಡಿಸುತ್ತಾರೆ, ಲಾರಿ ಎದುರಾದಾಗ ಲಗಾಮು ಹಿಡಿದವನು ಯಾವ ಮಗ್ಗುಲಿಗೆ ನಿಲ್ಲುತ್ತಾನೆ ಎಂಬುದನ್ನು ಕಣ್ಣಾರೆ ನೋಡಲಿ. ಅಂದು ಮೃಗಶಿರಾ ಹೊಡೆದರೆ ಇನ್ನೂ ಒಳ್ಳೆಯದು. ಕೊಡೆಗಳನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಹೋಗಲಿ. ಕುದುರೆಯ ಬೆನ್ನ ಹಿಂದೆ ಫಟ್ಟನೆ ಬಿಚ್ಚಿದ ಕೊಡೆಗೆ ಅದು ಗುಡುಗಿಗಿಂತ ಹೆಚ್ಚು ಬೆದರುವುದು.